ರಾಮಾಂಜಿನಪ್ಪನವರ ಕಳ್ಳಿಗಿಡ

ಮೇ ತಿಂಗಳ ಮೊದಲ ಶುಕ್ರವಾರ ಸಂಜೆ ಐದಕ್ಕೆ ಜೀವನ್ ಬಿಮಾ ನಗರದಲ್ಲಿ ಎದ್ದ ಗಾಳಿ ಇಪ್ಪತ್ತು ನಿಮಿಷವೂ ಬೀಸಲಿಲ್ಲ. ಅಷ್ಟರೊಳಗೆ ಹಿಂದಿನ ರಸ್ತೆಯ ಗುಲ್‌ಮೊಹರ್ ಮರ ಎರಡು ಕಾರುಗಳ ಮೇಲೆ ಒರಗಿತು, ಮೂಲೆಯ ಬೇಕರಿಯ ಬೋರ್ಡು ಕಿತ್ತು ಚರಂಡಿಗೆ ಬಿತ್ತು. ಪಾರ್ವತೆವ್ವ ಬಾಡಿಗೆಗಿದ್ದ ಮನೆಯ ತಾರಸಿಯಲ್ಲಿ ಒಂಬತ್ತು ಅಡಿ ಎತ್ತರದ ಕಳ್ಳಿಗಿಡ ಮುರಿದು ಬಿದ್ದಿತು.

ಬಿದ್ದ ಸದ್ದು ಕೆಳಗೆ ಅಡುಗೆಮನೆಯಲ್ಲಿದ್ದ ಅವಳಿಗೂ ಕೇಳಿತ್ತು. ನೆನೆದ ಚೀಲವನ್ನು ಯಾರೋ ಎತ್ತಿ ಹಾಕಿದ ಹಾಗೆ. ಮಳೆ ನಿಂತ ಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಗಿಡ ನೀರಿನ ಟ್ಯಾಂಕಿಗೆ ಬಡಿದು ಮೂರು ತುಂಡಾಗಿತ್ತು. ಅದನ್ನು ನೆಟ್ಟಿದ್ದ ಡ್ರಮ್ಮಿನಲ್ಲಿ ಒಂದು ಗೇಣು ಬುಡ ಮಾತ್ರ ಉಳಿದಿತ್ತು. ಅವಳ ಊರಿನ ಹೊಲದ ಬದುವಿನ ಕಳ್ಳಿಯಾಗಿದ್ದರೆ ಮುರಿದಲ್ಲೆಲ್ಲ ಹಾಲು ಸುರಿಯುತ್ತಿತ್ತು. ಇದರಲ್ಲಿ ಹಾಲಿಲ್ಲ. ಬಗ್ಗಿ, ಮುಳ್ಳು ತಾಗದಂತೆ ಬುಡವನ್ನು ಒಂದು ಬೆರಳಿನಿಂದ ಒತ್ತಿ ನೋಡಿದಳು. ಬೆರಳು ಒಳಗೆ ಇಳಿಯಿತು. ಹಳಸಿದ ಅನ್ನದ ವಾಸನೆ ಬಂತು.

ಪಾರ್ವತೆವ್ವ ಅಲ್ಲೇ ಒದ್ದೆ ನೆಲದ ಮೇಲೆ ಕುಳಿತುಬಿಟ್ಟಳು. ಗಾಳಿ ಬರೀ ದೂಡಿತ್ತು, ಅಷ್ಟೇ. ಕೊಂದದ್ದು ಯಾರು ಎಂದು ಅವಳಿಗೆ ಗೊತ್ತಿತ್ತು.

ಆ ಗಿಡ ಮನೆಯ ಮಾಲೀಕರಾದ ರಾಮಾಂಜಿನಪ್ಪನವರದು. ದೊಡ್ಡನೆಕ್ಕುಂದಿ ಕಡೆಯ ಹಳೇ ಒಕ್ಕಲು ಮನೆತನದವರು, ಎಪ್ಪತ್ತು ದಾಟಿದವರು, ನೆಲಮಹಡಿಯಲ್ಲಿ ಒಬ್ಬರೇ ಇದ್ದರೂ ದಿನಕ್ಕೆ ನಾಲ್ಕು ಜನ ಬಂದು ಕಟ್ಟೆಯಲ್ಲಿ ಕೂತು ಹರಟಿ ಹೋಗುವಂಥ ಮನುಷ್ಯ. ಮಗಳು ಹಂಸ ಆರು ವರ್ಷದವಳಿದ್ದಾಗ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಹಟ ಹಿಡಿದು ಕೊಡಿಸಿಕೊಂಡ ಕಳ್ಳಿಯಂತೆ ಅದು. ಆಗ ಹೆಬ್ಬೆರಳಿನಷ್ಟಿತ್ತಂತೆ. ಹಂಸ ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಅದು ಅವಳನ್ನು ಮೀರಿ ಬೆಳೆದಿತ್ತು. ಹಂಸ ಮದುವೆಯಾಗಿ ಕೆ.ಆರ್. ಪುರಕ್ಕೆ ಹೋದಳು, ಗಿಡ ತಾರಸಿಯಲ್ಲಿ ಉಳಿಯಿತು.

ಯುಗಾದಿ ಕಳೆದ ವಾರ ರಾಮಾಂಜಿನಪ್ಪನವರಿಗೆ ಮಂಡಿಯ ಆಪರೇಷನ್ ಆಯಿತು. ಸುಧಾರಿಸಿಕೊಳ್ಳಲು ಮಗಳ ಮನೆಗೆ ಹೊರಟಾಗ ಪಾರ್ವತೆವ್ವನನ್ನು ಕರೆದು ಎರಡು ಮಾತು ಹೇಳಿದ್ದರು. "ಮೋಟ್ರು ದಿನಕ್ಕೊಂದ್ಸಲ ಆನ್ ಮಾಡಿ. ಮೇಲಿರೋ ಕಳ್ಳಿಗೆ ಮಾತ್ರ ನೀರು ಉಯ್ಯಬ್ಯಾಡಿ. ಮಳೆ ಬರೋವರ್ಗೂ ಅದರ ತಂಟೆಗೇ ಓಗ್ಬ್ಯಾಡಿ."

"ಆತ್ರಿ," ಎಂದಿದ್ದಳು ಪಾರ್ವತೆವ್ವ.

ಅಷ್ಟೇ ಮಾಡಬೇಕಾಗಿದ್ದದ್ದು. ಏನೂ ಮಾಡದೆ ಇರಬೇಕಾಗಿದ್ದದ್ದು. ಆದರೆ ಆ ಏಪ್ರಿಲ್ಲಿನ ಬಿಸಿಲಿನಲ್ಲಿ ಹಪ್ಪಳ ಒಣಹಾಕಲು ತಾರಸಿಗೆ ಹೋದಾಗಲೆಲ್ಲ ಕಳ್ಳಿ ಕಣ್ಣಿಗೆ ಬೀಳುತ್ತಿತ್ತು. ಏಣುಗಳ ನಡುವೆ ಮೈ ಒಳಕ್ಕೆ ಎಳೆದುಕೊಂಡಿತ್ತು, ಉಪವಾಸ ಬಿದ್ದ ಎತ್ತಿನ ಪಕ್ಕೆಲುಬಿನ ಹಾಗೆ. ರೋಣದ ಕಡೆಯವಳು ಅವಳು. ಬಾಯಾರಿದ್ದಕ್ಕೆ ನೀರು ಕೊಡದೆ ಮುಖ ತಿರುಗಿಸಿ ಹೋಗುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ತಂಬಿಗೆಯಲ್ಲಿ ತಂದು ಸುರಿದಳು. ಮರುದಿನವೂ ಸುರಿದಳು. ಇಪ್ಪತ್ತು ದಿನ ತಪ್ಪಿಸಲಿಲ್ಲ. ಗಿಡ ಮೈ ತುಂಬಿಕೊಂಡಿತು, ಹಸಿರಾಯಿತು, ಏಣುಗಳು ಉಬ್ಬಿದವು. ರಾಮಾಂಜಿನಪ್ಪನವರು ಬಂದು ನೋಡಿ ಬೆರಗಾಗಲಿ ಎಂದುಕೊಂಡಳು. ತನ್ನ ಮಗಳಿಗೂ ಹೇಳಲಿಲ್ಲ.

ಮಗಳು ಗೌತಮಿ ವಿಮಾ ಕಚೇರಿಯಲ್ಲಿ ಕ್ಲೇಮು ನೋಡುವ ಕೆಲಸದವಳು. ಅಂದು ಆರೂವರೆಗೆ ಬಂದವಳು ಬ್ಯಾಗು ಇಡದೆಯೇ ತಾರಸಿಗೆ ಹತ್ತಿ ನೋಡಿದಳು.

"ಗಾಳಿಗೆ ಯಾರೇನ್ ಮಾಡಾಕಾಗತೈತಿ ಯವ್ವಾ. ಸೋಮವಾರ ನಮ್ಮ ಆಫೀಸಿಗೆ ಇಂಥಾ ಫೋಟೋನ ನೂರು ಬರತಾವ," ಎಂದಳು. ಅಲ್ಲೇ ನಿಂತು ಫೋಟೋ ತೆಗೆದು ರಾಮಾಂಜಿನಪ್ಪನವರ ವಾಟ್ಸಾಪಿಗೆ ಕಳಿಸಿದಳು. 'ಗಾಳಿಗೆ ಮುರಿದುಬಿತ್ತು ಅಂಕಲ್, ಸಾರಿ' ಎಂದು ಕೆಳಗೆ ಬರೆದಳು.

ಅರ್ಧ ಗಂಟೆಯ ಮೇಲೆ ಉತ್ತರ ಬಂತು. 'ಇರ್ಲಿ ಬಿಡಮ್ಮ.' ಆಮೇಲೆ ಇನ್ನೊಂದು. 'ಬಿಸಾಕ್ಬೇಡಿ.'

ಗೌತಮಿ ಅದನ್ನು ಓದಿ ಹೇಳಿ ಕೈಕಾಲು ತೊಳೆಯಲು ಹೋದಳು. ಪಾರ್ವತೆವ್ವ ರೊಟ್ಟಿ ಬಡಿಯುತ್ತಾ ಆ ಒಂದು ಪದವನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಬಿಸಾಡಬೇಡಿ ಎಂದರೆ ಇನ್ನೂ ಆಸೆ ಇಟ್ಟುಕೊಂಡಿದ್ದಾರೆ ಎಂದು ಅರ್ಥ. ಮಗಳು ಬರೆದದ್ದು ಸುಳ್ಳಲ್ಲ, ಆದರೆ ನಿಜವೂ ಅಲ್ಲ. ತಿದ್ದಬೇಕಾದವಳು ತಾನು, ಆದರೆ ಸುಮ್ಮನಿದ್ದಳು.

ಮರುದಿನ ಶನಿವಾರ. ತಿಂಗಳಿಗೊಮ್ಮೆ ಅವಳು ಬಿ.ಪಿ. ಗುಳಿಗೆ ತರಲು ಮರ್ಫಿ ಟೌನಿನ ಆರೋಗ್ಯ ಕೇಂದ್ರಕ್ಕೆ ಹೋಗುವ ದಿನ. ಅಲ್ಲಿಯ ಸಾಲಿನಲ್ಲಿ ಎರಡು ವರ್ಷದಿಂದ ಪರಿಚಯವಿದ್ದವಳು ಬದ್ರುನ್ನೀಸಾ. ಮಾತಾಡಿ ಮಾತಾಡಿ ಒಬ್ಬರ ಸಂಬಂಧಿಕರೆಲ್ಲ ಇನ್ನೊಬ್ಬರಿಗೆ ಬಾಯಿಪಾಠವಾಗಿದ್ದರು. ಬದ್ರುನ್ನೀಸಾಳ ತಾರಸಿಯಲ್ಲಿ ಎಣ್ಣೆ ಡಬ್ಬಿ, ಪೇಂಟಿನ ಬಕೆಟ್ಟುಗಳ ತುಂಬ ಕಳ್ಳಿಗಳೇ ಇವೆ ಎಂದೂ ಪಾರ್ವತೆವ್ವನಿಗೆ ಗೊತ್ತಿತ್ತು. ಮುರಿದ ಗಿಡದ ಒಂದು ಸಣ್ಣ ಕೊಂಬೆಯನ್ನು ಪೇಪರಿನಲ್ಲಿ ಸುತ್ತಿ, ಸಂತೆಚೀಲಕ್ಕೆ ಹಾಕಿಕೊಂಡು ಆಟೊ ಹತ್ತಿದಳು.

ಬದ್ರುನ್ನೀಸಾ ಬೆಂಚಿನ ಮೇಲೆ ಕುಳಿತೇ ಪೇಪರು ಬಿಚ್ಚಿದಳು. ಕೊಂಬೆ ಮುರಿದ ಕಡೆ ನೋಡಿದಳು, ಮೂಸಿದಳು.

"ಇದು ಚೆನ್ನಾಗೇ ಇದೆ. ದೊಡ್ಡ ಗಿಡ ಹೇಗಿದೆ? ಬುಡ ಮೆತ್ತಗಾಗಿದ್ಯಾ?"

"ಬೆರಳ ಇಟ್ರ ಒಳಗ ಹೋಗತೈತಿ."

"ಪಾರ್ವತಮ್ಮ, ನೀರು ಹಾಕಿದ್ರಾ?"

ಪಾರ್ವತೆವ್ವ ಸುತ್ತ ಒಮ್ಮೆ ನೋಡಿದಳು, ಯಾರಾದರೂ ಕೇಳಿಸಿಕೊಂಡಾರೆಂದು. "ದಿನಾ ಹಾಕೀನಿ. ಅಕ್ಕಿ ತೊಳದ ನೀರು."

ಬದ್ರುನ್ನೀಸಾ ನಗಲಿಲ್ಲ, ಬೈಯಲೂ ಇಲ್ಲ. "ನಾನು ಮೊದಮೊದಲು ಎಂಟು ಗಿಡ ಹಾಗೇ ಸಾಯಿಸಿದೀನಿ. ಕೊಳೆ ಕೆಳಗಿಂದ ಮೇಲೆ ಹತ್ತುತ್ತೆ. ಇವತ್ತೇ ಕತ್ತರಿಸ್ಬೇಕು. ಸೋಮವಾರ ಅಂದ್ರೆ ಏನೂ ಸಿಗಲ್ಲ." ಕೊಂಬೆಯನ್ನು ಮತ್ತೆ ಪೇಪರಿನಲ್ಲಿ ಸುತ್ತುತ್ತಾ ಕೇಳಿದಳು, "ಎಷ್ಟು ದಪ್ಪ ಇದೆ?"

ಪಾರ್ವತೆವ್ವ ಎರಡು ಕೈ ಸೇರಿಸಿ ತೊಡೆಯಷ್ಟು ಅಗಲ ತೋರಿಸಿದಳು.

"ಮನೆ ಚಾಕು ಸಾಕಾಗಲ್ಲ. ಜಜ್ಜಿಹೋಗುತ್ತೆ, ಜಜ್ಜಿದ್ರೆ ಮತ್ತೆ ಕೊಳೆಯುತ್ತೆ. ಸೈಫ್‌ನ ಕರ್ಕೊಂಡು ಬರ್ತೀನಿ."

ಸೈಫ್ ಅವಳ ಹಿರಿಯ ಮಗ. ಶಿವಾಜಿನಗರದಲ್ಲಿ ಮಟನ್ ಅಂಗಡಿ ಇಟ್ಟವನು. ಪಾರ್ವತೆವ್ವನದು ಲಿಂಗ ಕಟ್ಟಿಕೊಂಡ ಕುಟುಂಬ. ಅವಳ ಮನೆಯೊಳಗೆ ಇಂದಿನತನಕ ಒಂದು ಮೊಟ್ಟೆಯೂ ಬಂದದ್ದಿಲ್ಲ. ಬದ್ರುನ್ನೀಸಾ ಅವಳ ಮುಖ ನೋಡಿ ಅರ್ಥ ಮಾಡಿಕೊಂಡು, "ಹೊಸ ಚೂರಿ ತರೋಕೆ ಹೇಳ್ತೀನಿ," ಎಂದಳು. ಪಾರ್ವತೆವ್ವ ನಾಚಿಕೊಂಡಳು. "ಬರಲಿ, ಬರಲಿ," ಎಂದಳು.

ಅಂಗಡಿ ಮುಚ್ಚುವ ಬಿಡುವಿನಲ್ಲಿ, ಮಧ್ಯಾಹ್ನ ಮೂರಕ್ಕೆ ತಾಯಿ ಮಗ ಸ್ಕೂಟರಿನಲ್ಲಿ ಬಂದರು. ಸೈಫ್ ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಪ್ಲಾಸ್ಟಿಕ್ ಕವರಿನಿಂದ ಉದ್ದನೆಯ ಚೂರಿ ತೆಗೆದು ತೋರಿಸಿ, "ಇವತ್ತೇ ತಗೊಂಡಿದ್ದಮ್ಮ, ಸ್ಟಿಕ್ಕರೂ ತೆಗ್ದಿಲ್ಲ," ಎಂದ. ರಜೆಯಿದ್ದ ಗೌತಮಿ ಹಳೆಯ ಜಮಖಾನೆ ತಂದುಕೊಟ್ಟಳು. ಅದನ್ನು ಗಿಡಕ್ಕೆ ಸುತ್ತಿ, ಮುಳ್ಳು ಚುಚ್ಚದಂತೆ ಮೂವರು ಹಿಡಿದು, ತುಂಡುಗಳನ್ನು ನೆಲದಲ್ಲಿ ಮಲಗಿಸಿದರು.

ಮೊದಲು ಕಾಂಡದ ನಡುವಿನ ತುಂಡು. ಸೈಫ್ ಚೂರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಒತ್ತದೆ, ಒಂದೇ ಎಳೆತಕ್ಕೆ ಎಳೆದ. ಒಳಗೆ ಇದ್ದದ್ದು ಕಂದು ಬಣ್ಣದ ಗಂಜಿ. ಒಂದು ಗೇಣು ಮೇಲೆ ಮತ್ತೆ ಕತ್ತರಿಸಿದ. ಅಲ್ಲಿಯೂ ಅದೇ. ಮೂರನೆಯದರಲ್ಲೂ ಅದೇ. ಬದ್ರುನ್ನೀಸಾ ತಲೆ ಅಲ್ಲಾಡಿಸಿ ಆ ತುಂಡನ್ನು ಪಕ್ಕಕ್ಕೆ ಸರಿಸಿದಳು. ಡ್ರಮ್ಮಿನ ಬುಡವನ್ನು ಕರಣೆಯಲ್ಲಿ ಎಬ್ಬಿದರೆ ಅದು ಚೂರುಚೂರಾಗಿ ಬಂತು. ಪಾರ್ವತೆವ್ವ ಸೆರಗು ಬಾಯಿಗೆ ಹಿಡಿದುಕೊಂಡು ನಿಂತಿದ್ದಳು.

ಉಳಿದದ್ದು ತುದಿಯ ತುಂಡು, ನಾಲ್ಕು ಅಡಿ ಉದ್ದದ್ದು. ಸೈಫ್ ಪ್ರತಿ ಸಲವೂ ಚೂರಿ ಒರೆಸಿಕೊಂಡೇ ಕತ್ತರಿಸುತ್ತಿದ್ದ. ಮೊದಲ ಕಡಿತದಲ್ಲಿ ಹಸಿರು ಮಾಂಸದ ನಡುವೆ ರೂಪಾಯಿಯಗಲ ಕಂದು. ಎರಡನೆಯದರಲ್ಲಿ ಕುಂಕುಮದ ಬೊಟ್ಟಿನಷ್ಟು.

"ಸಾಕಲ್ಲ?" ಎಂದಳು ಗೌತಮಿ.

"ಸಾಲ್ದು," ಎಂದ ಸೈಫ್. ಬಗ್ಗಿ ಮೂಸಿ ನೋಡಿದ. "ಕೆಟ್ಟಿದ್ದು ಎಲ್ಲಿವರೆಗಿದೆ ಅಂತ ನನ್ನ ಮೂಗಿಗೆ ಗೊತ್ತಾಗುತ್ತಮ್ಮ. ಇನ್ನೂ ಮೇಲಿದೆ."

ಮೂರನೆಯದರಲ್ಲಿ ಸಾಸಿವೆ ಕಾಳಿನಷ್ಟು ಕಂಡಿತು. ನಾಲ್ಕನೆಯ ಸಲ ಕತ್ತರಿಸಿದಾಗ ಎಳೆ ಸೌತೆಕಾಯಿಯ ಒಳಗಿನಂತೆ ತಿಳಿ ಹಸಿರು, ಎಲ್ಲೂ ಒಂದು ಚುಕ್ಕೆಯಿಲ್ಲ. ನಾಲ್ಕೂ ಜನ ಬಗ್ಗಿ ನೋಡಿದರು. ಒಂಬತ್ತು ಅಡಿಯಲ್ಲಿ ಎರಡಡಿ ಉಳಿದಿತ್ತು. ಅದರ ಜೊತೆಗೆ ಪಕ್ಕದ ಎರಡು ಕೊಂಬೆ, ಅವಳು ಚೀಲದಲ್ಲಿ ಒಯ್ದಿದ್ದು ಒಂದು, ಎಲ್ಲ ಸೇರಿ ನಾಲ್ಕು.

ಗೌತಮಿ ಅಡುಗೆಮನೆಯಿಂದ ಚಕ್ಕೆ ಪುಡಿ ತಂದಳು. ಬದ್ರುನ್ನೀಸಾ ಮತ್ತೆ ಕೊಳೆಯದಿರಲೆಂದು ಕಡಿದ ಬಾಯಿಗೆಲ್ಲ ಅದನ್ನು ಮೆತ್ತಿ, ತಾರಸಿ ಬಾಗಿಲ ಒಳಗಿನ ನೆರಳಿನಲ್ಲಿ ಪೇಪರ್ ಹಾಸಿ ಮಲಗಿಸಿದಳು. "ಮೂರು ವಾರ ಹೀಗೇ. ಬಾಯಿ ಒಣಗಿ ಚರ್ಮ ಕಟ್ಬೇಕು. ಆಮೇಲೆ ದಪ್ಪ ಮರಳು, ಇಟ್ಟಿಗೆ ಚೂರು, ಒಂದು ಹಿಡಿ ಕೆಂಪು ಮಣ್ಣು. ನೆಟ್ಟ ಮೇಲೂ ಒಂದು ತಿಂಗಳು ನೀರಿಲ್ಲ. ಮಳೆ ನೀರೂ ಬೀಳ್ಬಾರ್ದು."

ಕೆಳಗೆ ಬಂದು ಕೈ ತೊಳೆದ ಮೇಲೆ ಪಾರ್ವತೆವ್ವ ಇಬ್ಬರನ್ನೂ ಅಡುಗೆಮನೆಯಲ್ಲೇ ಕೂರಿಸಿ ಅವಲಕ್ಕಿ, ಶೇಂಗಾ ಚಟ್ನಿ ಕೊಟ್ಟಳು. ಸೈಫ್ ಎರಡು ಸಲ ಹಾಕಿಸಿಕೊಂಡ. ಹೊರಡುವಾಗ ಬದ್ರುನ್ನೀಸಾ ಗೇಟಿನ ಬಳಿ ತಡೆದು, ದನಿ ತಗ್ಗಿಸಿ ಕೇಳಿದಳು. "ಓನರ್‌ಗೆ ನೀರಿನ ವಿಷಯ ಹೇಳಿದ್ರಾ?"

"ಇಲ್ಲ."

"ನಾನಂತೂ ಹೇಳಲ್ಲ. ನೀವು ಹೇಳ್ಬಿಟ್ರೆ ಹಗುರ ಆಗುತ್ತೆ."

ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ರಾಮಾಂಜಿನಪ್ಪನವರು ಹಿಂದಿನ ಬಾಡಿಗೆದಾರರನ್ನು ಮಾತಿಗೆ ತಪ್ಪಿದರೆಂದು ಒಂದೇ ತಿಂಗಳಲ್ಲಿ ಬಿಡಿಸಿದ್ದರು ಎಂದು ಬೀದಿಯವರು ಹೇಳುತ್ತಿದ್ದರು. ಮನೆ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಇಷ್ಟು ವಯಸ್ಸಾದ ಮೇಲೆ, ಒಂದೇ ಒಂದು ಮಾತು ನಡೆಸಿಕೊಡಲಾಗಲಿಲ್ಲ ಎಂದು ಆ ಮನುಷ್ಯನ ಮುಂದೆ ನಿಂತು ಹೇಳುವುದು ಹೇಗೆ? ಅವರು ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ಅವಳು ಮೋಟರಿನ ಸುದ್ದಿ ಮಾತಾಡಿ ಇಟ್ಟಳು.

ಮೇ ಕೊನೆಗೆ ತುಂಡುಗಳನ್ನು ನೆಟ್ಟಳು. ಕಡಿದ ಬಾಯಿ ಒಣಗಿ, ಒಳಕ್ಕೆ ಸೇದಿಕೊಂಡು, ಹಳೇ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿತ್ತು. ದೊಡ್ಡದಕ್ಕೆ ಮೂರು ಕೋಲಿನ ಆಸರೆ ಕೊಟ್ಟು, ನಾಲ್ಕೂ ಕುಂಡಗಳನ್ನು ತಾರಸಿಯ ತಗಡಿನ ಶೀಟಿನ ಕೆಳಗೆ ಇಟ್ಟಳು. ಇನ್ನು ಕಾಯುವುದೇ ಕೆಲಸ. ಜೂನಿನಲ್ಲಿ ಮೋಡ ಕವಿದರೆ ಸಾಕು, ಮೆಟ್ಟಿಲು ಹತ್ತಿ ಶೀಟು ಸೋರುತ್ತದೆಯೇ ನೋಡಿ ಬರುತ್ತಿದ್ದಳು. ಚೀಲದಲ್ಲಿ ತಿರುಗಾಡಿ ಬಂದಿದ್ದ ಸಣ್ಣ ಕೊಂಬೆ ಒಂದು ವಾರದಲ್ಲಿ ಕಪ್ಪಾಗಿ ವಾಲಿತು, ಕಿತ್ತು ಬಿಸಾಡಿದಳು. ಉಳಿದ ಮೂರೂ ಸುಕ್ಕುಗಟ್ಟಿದವು. ಒಂದು ದಿನ ಕೈಯಲ್ಲಿ ತಂಬಿಗೆ ಹಿಡಿದೇ ಮೇಲೆ ಬಂದುಬಿಟ್ಟಿದ್ದಳು. ಕುಂಡದ ಮುಂದೆ ಎಷ್ಟೋ ಹೊತ್ತು ನಿಂತು, ಕೆಳಗಿಳಿದು ತುಳಸಿಗೆ ಸುರಿದಳು.

"ಸತ್ತ ಗಿಡಕ್ಕ ಇಷ್ಟ್ಯಾಕ ಮರಗ್ತಿ ಯವ್ವಾ?" ಎಂದಳು ಗೌತಮಿ.

ರಾಮಾಂಜಿನಪ್ಪನವರು ಆರು ವಾರಕ್ಕೆ ಬರಬೇಕಾದವರು ಜುಲೈ ಹತ್ತಕ್ಕೆ ಬಂದರು. ಹಂಸ ಕಾರಿನಲ್ಲಿ ಕರೆತಂದು, ವಾಕರ್ ಕೈಗೆ ಕೊಟ್ಟು, ಒಂದು ದಿನ ಇದ್ದು ಹೋದಳು. ಮೆಟ್ಟಿಲು ಹತ್ತಕೂಡದೆಂದು ಡಾಕ್ಟರ ಅಪ್ಪಣೆಯಂತೆ. ಅವರು ಬೆಳಿಗ್ಗೆ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಪಾರ್ವತೆವ್ವ ಹಾಲು ತರಲು ಹೋಗುವಾಗ ಬರುವಾಗ ಮಾತಾಡಿಸುತ್ತಿದ್ದರು, ಆದರೆ ಗಿಡದ ಬಗ್ಗೆ ಚಕಾರವಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಅವರು ಮೇಲೆ ಹತ್ತಿ ಬರುವವರಲ್ಲ, ಬುಡ ಕೊಳೆತದ್ದು ನೋಡಿದವರು ಹೇಳುವವರಲ್ಲ. ಸುಮ್ಮನಿದ್ದರೆ ತಪ್ಪು ಗಾಳಿಯ ತಲೆಗೇ ಹೋಗುತ್ತಿತ್ತು.

ನಾಲ್ಕನೆಯ ದಿನ ಅವರೇ ಕೇಳಿದರು. "ಕಳ್ಳಿ ಚೂರು ಏನಾದ್ರೂ ಉಳೀತಾ ಅಮ್ಮ, ಇಲ್ಲ ಎಲ್ಲ ಓಯ್ತಾ?"

"ತಡೀರಿ, ಬರತೀನಿ," ಎಂದು ಪಾರ್ವತೆವ್ವ ಹಾಲಿನ ಪಾಕೀಟನ್ನು ಕಟ್ಟೆಯ ಮೇಲೆಯೇ ಬಿಟ್ಟು ತಾರಸಿಗೆ ಹತ್ತಿದಳು.

ನಲವತ್ತು ದಿನ ಆದ ಮೇಲೆ ಮೆಲ್ಲಗೆ ಎಳೆದು ನೋಡಿ ಎಂದು ಬದ್ರುನ್ನೀಸಾ ಹೇಳಿದ್ದಳು. ಆ ಲೆಕ್ಕ ಮುಗಿದು ವಾರವಾಗಿತ್ತು. ಎಳೆಯಲು ಧೈರ್ಯ ಬಂದಿರಲಿಲ್ಲ. ಈಗ ದೊಡ್ಡದಕ್ಕೆ ಬಟ್ಟೆ ಸುತ್ತಿ, ಎರಡು ಬೆರಳಿನಲ್ಲಿ ಹಿಡಿದು, ಹಸುಗೂಸಿನ ಕೈ ಎಳೆದ ಹಾಗೆ ಎಳೆದಳು. ಗಿಡ ಬರಲಿಲ್ಲ. ಇನ್ನೂ ಸ್ವಲ್ಪ ಎಳೆದಳು. ಕುಂಡವೇ ಒಂದು ಕಡೆ ಎದ್ದಿತು. ಬೇರು ಬಿಟ್ಟಿತ್ತು. ಉಳಿದೆರಡನ್ನೂ ನೋಡಿದಳು, ಅವೂ ಹಿಡಿದುಕೊಂಡಿದ್ದವು. ಕಣ್ಣು ಒರೆಸಿಕೊಂಡು, ಎರಡಡಿಯ ಗಿಡವನ್ನು ಕುಂಡದ ಸಮೇತ ಸೊಂಟಕ್ಕೆ ಆನಿಸಿಕೊಂಡು ಎರಡು ಮಹಡಿ ಇಳಿದಳು. ರಾಮಾಂಜಿನಪ್ಪನವರ ಕಾಲ ಬಳಿ ಇಟ್ಟಳು.

ಅವರು ಬಗ್ಗಿ ನೋಡಿದರು. "ಬೇರು ಬಂದದಾ?"

"ಬಂದಾವ್ರಿ. ಮ್ಯಾಲ ಇನ್ನ ಎರಡದಾವ." ಉಸಿರು ಸುಧಾರಿಸಿಕೊಂಡು, ನಿಂತುಬಿಟ್ಟರೆ ಮತ್ತೆ ಬಾಯಿ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದಳು. "ಗಾಳಿಗೆ ಬಿದ್ದಿಲ್ರಿ ಅದು. ನಾ ನೀರ ಹಾಕೀನಿ. ನೀವು ಹಾಕಬ್ಯಾಡ್ರಿ ಅಂದಿದ್ರಿ, ನಾ ಹಾಕೀನಿ. ಬುಡ ಕೊಳತಿತ್ತು, ಅದಕ ಬಿತ್ತು. ನೀರ ಹಾಕಿದ್ದು ನನ್ನ ಮಗಳಿಗೂ ಗೊತ್ತಿಲ್ಲ."

"ಎಷ್ಟು ದಿನ ಉಯ್ದ್ರಿ?"

"ಇಪ್ಪತ್ತು. ಸಾಯಾಕತ್ತೈತಿ ಅನಿಸ್ತು. ನೋಡ್ಕೊಂತ ಸುಮ್ನ ಇರಾಕ ಆಗಲಿಲ್ಲ."

ರಾಮಾಂಜಿನಪ್ಪನವರು ಕುಂಡದ ಮರಳನ್ನು ಬೆರಳಲ್ಲಿ ಕೆದಕಿದರು. ಆಮೇಲೆ ಮಂಡಿ ಸವರಿಕೊಂಡರು.

"ಕೂತ್ಕಳಿ," ಎಂದರು. "ನಾನ್ಯಾಕೆ ಇಷ್ಟು ತಡ ಬಂದೆ ಗೊತ್ತಾ? ಆರು ವಾರ ವಾಕರ್ ಬಿಟ್ಟು ಎಜ್ಜೆ ಇಕ್ಕಬ್ಯಾಡ ಅಂದಿದ್ರು ಡಾಕ್ಟ್ರು. ಅದಿನಾಲ್ಕನೇ ದಿನಕ್ಕೆ ಅಂಸ ಆಫೀಸಿಗೆ ಓದ್ಮೇಲೆ ಗೇಟಿನತ್ರ ಪೇಪರ್ ತರಾಕೆ ಅಂತ ಅಂಗೇ ಎದ್ದು ಓದೆ. ಬಿದ್ದೆ. ನೆಲ ಒದ್ದೆ ಇತ್ತು ಅಂತ ಮಗಳಿಗೆ ಏಳ್ದೆ." ವಾಕರನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದರು. "ನೆಲ ಒರೆಸೋ ಎಣ್ಣುಮಗಳು, ಮುನಿಲಕ್ಷ್ಮಿ ಅಂತ, ಅವಳು ಬೈಸ್ಕಂಡ್ಳು. ನಾನು ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ."

ಪಾರ್ವತೆವ್ವನಿಗೆ ನಗು ಬಂತು, ಹಿಡಿದುಕೊಂಡಳು. ಮರುಗಳಿಗೆಯಲ್ಲಿ ಆ ಹೆಣ್ಣುಮಗಳ ನೆನಪಾಗಿ ನಗು ಹೋಯಿತು.

"ನನಗ ತಪ್ಪು ಹೊರಸಾಕ ಗಾಳಿ ಇತ್ರಿ, ಅದಕ್ಕೇನು ನೋವಿಲ್ಲ. ಆಕಿ ಮನಷ್ಯಾಳು. ಹೇಳಿಬಿಡ್ರಿ ಮತ್ತ."

"ಏಳ್ಬೇಕು," ಎಂದರು ರಾಮಾಂಜಿನಪ್ಪ. ಆಮೇಲೆ ಅಂಗಿಯ ಜೇಬಿನಿಂದ ಫೋನು ತೆಗೆದು, ಕನ್ನಡಕ ಏರಿಸಿಕೊಂಡು, ಮಗಳ ನಂಬರು ಒತ್ತಿದರು. ಪಾರ್ವತೆವ್ವ ಏಳಲು ಹೋದರೆ ಕೈ ಸನ್ನೆ ಮಾಡಿ ಕೂರಿಸಿದರು. ಅವರು ಹೇಳಿದ್ದು ನಾಲ್ಕೇ ಮಾತು. ಹಂಸ ಆಡಿದ ಮಾತಿಗೆ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದುಕೊಳ್ಳಬೇಕಾಯಿತು. ಅವಳ ಬೈಗುಳ ಕಟ್ಟೆಯ ತುಂಬ ಕೇಳಿಸುತ್ತಿತ್ತು. ಕೊನೆಗೆ ದನಿ ತಗ್ಗಿತು. ಸಂಜೆ ಮುನಿಲಕ್ಷ್ಮಿ ಬಂದಾಗ ಫೋನ್ ಮಾಡಿಕೊಡುತ್ತೇನೆ, ಅಪ್ಪ ತಾನೇ ಹೇಳಬೇಕು ಎಂದಳು.

"ಆಯ್ತು ಕಣವ್ವ," ಎಂದು ಅವರು ಫೋನಿಟ್ಟರು. ಮುಖ ತೊಳೆದು ಬಂದವರ ಹಾಗಿತ್ತು ಅವರ ಮುಖ. "ಈ ದೊಡ್ಡದು ಇಲ್ಲೇ ಕಟ್ಟೆ ಮ್ಯಾಗಿರ್ಲಿ. ಮೇಲಕ್ಕೆ ಓಗಾಕೆ ಆಗಾಕಿಲ್ಲ ನಂಗೆ. ಇನ್ನೆರಡರಾಗೆ ಒಂದು ಅಂಸಂಗೆ. ಇನ್ನೊಂದು ನೀವಿಟ್ಕಳಿ."

"ನನಗ ಬ್ಯಾಡ್ರಿ. ಅದನ್ನ ಉಳಿಸಿದಾಕಿ ಮರ್ಫಿ ಟೌನಿನಾಗ ಅದಾಳ. ಆಕೀಗೆ ಒಯ್ದು ಕೊಡತೀನಿ."

"ಕೊಡಿ," ಎಂದರು ಅವರು. ಕಟ್ಟೆಯ ಮೇಲೆ ಬಿಸಿಯಾಗುತ್ತಿದ್ದ ಹಾಲಿನ ಪಾಕೀಟನ್ನು ಎತ್ತಿ ಅವಳ ಕೈಗಿತ್ತರು.

ಆ ಮಧ್ಯಾಹ್ನ ಪಾರ್ವತೆವ್ವ ಊಟ ಮಾಡಿ ಚಾಪೆಯ ಮೇಲೆ ಸ್ವಲ್ಪ ಒರಗಿದವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಗೌತಮಿ ಆಫೀಸಿನಿಂದ ಬಂದು ನಾಲ್ಕು ಸಲ ಬೆಲ್ ಮಾಡಿದಳು. ಬಾಗಿಲು ತೆಗೆದಾಗ ತಾಯಿಯ ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು.

"ಏನಾತು ಯವ್ವಾ? ಮೈಯಾಗ ಹುಷಾರಿಲ್ಲೇನ?"

"ಹುಷಾರದೀನಿ, ನಿದ್ದಿ ಹತ್ತಿತ್ತು," ಎಂದಳು ಪಾರ್ವತೆವ್ವ, ಕೂದಲು ಕಟ್ಟಿಕೊಳ್ಳುತ್ತ. "ಕುಂದ್ರು, ಚಾ ಮಾಡತೀನಿ. ನಿನಗೂ ಒಂದು ಮಾತು ಹೇಳೂದೈತಿ."